ಲೆಕ್ಕ ಸರಿ, ಕಾರಣವೇನು?

ಗಣಿತದ ಮೇಷ್ಟರ ಕೈಯಿಂದ ಸೀಮೆಸುಣ್ಣವನ್ನು ಕಸಿದುಕೊಂಡು "ಇನ್ನು ಮಾತನಾಡಿ" ಎನ್ನುವುದು, ನೇಗಿಲು ಕೊಡದೆ ಒಕ್ಕಲಿಗನನ್ನು ಹೊಲಕ್ಕೆ ಅಟ್ಟಿದ ಹಾಗೆಯೇ ಸರಿ. ರೇಡಿಯೋದಲ್ಲಿ ಕಪ್ಪುಹಲಗೆಯಿಲ್ಲ. ನಾನು ಬರೆದದ್ದು ನಿಮಗೆ ಕಾಣುವುದಿಲ್ಲ. ನೀವು ಹುಬ್ಬು ಗಂಟಿಕ್ಕಿದ್ದು ನನಗೆ ಕಾಣುವುದಿಲ್ಲ. ಆದರೂ ಈ ವಿಷಯವನ್ನೇ ಆರಿಸಿಕೊಂಡೆ. ಏಕೆಂದರೆ ನಾನು ಹೇಳಬೇಕೆಂದಿರುವುದೂ ಅದನ್ನೇ: ಗಣಿತದ ಸಾಧನೆಯೆಂಬುದು ಕಣ್ಣಿಗೆ ಕಾಣದ ಒಬ್ಬ ಸಂಶಯಗಾರನಿಗೆ ಹೇಳುವ ಮಾತು. ಅವನು ಎದ್ದು ನಿಂತು ಪ್ರಶ್ನೆ ಕೇಳಲಾರ. ಆದ್ದರಿಂದ ಅವನು ಕೇಳಬಹುದಾದುದನ್ನೆಲ್ಲ ನಾವೇ ಮೊದಲು ಕೇಳಿಕೊಂಡು ಉತ್ತರ ಬರೆದಿಟ್ಟಿರಬೇಕು.

ನಿಮ್ಮ ಮನೆಯಲ್ಲಿ ಬಿ.ಎಸ್‌ಸಿ. ಗಣಿತ ಓದುವ ಮಗನೋ ಮಗಳೋ ಇದ್ದರೆ ಒಂದು ದೃಶ್ಯವನ್ನು ನೀವು ಕಂಡೇ ಇರುತ್ತೀರಿ. ರಾತ್ರಿ ಊಟವಾಗಿದೆ. ಹುಡುಗ ಹಾಳೆ ಹರಡಿಕೊಂಡು ಕುಳಿತಿದ್ದಾನೆ. ಒಂದು ಗಂಟೆಯಾಯಿತು, ಎರಡಾಯಿತು. ಹಾಳೆಯ ಮೇಲೆ ಒಂದು ಸಾಲೂ ಮೂಡಿಲ್ಲ. ಶಾಲೆಯಲ್ಲಿ ನೂರಕ್ಕೆ ತೊಂಬತ್ತೈದು ತಂದ ಹುಡುಗ! ಕಾಲೇಜಿಗೆ ಹೋದ ಮೇಲೆ ಮಂಕಾದನೋ, ಸಹವಾಸ ಕೆಟ್ಟಿತೋ ಎಂದು ತಾಯಿತಂದೆಗಳಿಗೆ ಚಿಂತೆ. ಸಹವಾಸದ ಮಾತು ನನಗೆ ತಿಳಿಯದು. ಆದರೆ ಆ ಬರಿಯ ಹಾಳೆಯ ಕಾರಣ ಬಲ್ಲೆ. ಶಾಲೆಯ ಲೆಕ್ಕಕ್ಕೆ ಉತ್ತರವಿರುತ್ತಿತ್ತು, ಪುಸ್ತಕದ ಕೊನೆಯ ಪುಟ ತಿರುವಿದರೆ ಸಿಕ್ಕುತ್ತಿತ್ತು. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಉತ್ತರವನ್ನು ಪ್ರಶ್ನೆಯಲ್ಲೇ ಕೊಟ್ಟುಬಿಟ್ಟಿರುತ್ತಾರೆ. "ಇದು ಹೀಗಿದೆ, ಏಕೆಂದು ಸಾಧಿಸಿ." ಇನ್ನು ಕೊನೆಯ ಪುಟ ತಿರುವಿ ಏನು ಪ್ರಯೋಜನ?

ನಮ್ಮೂರು ಸಾಯಗಾಂವ. ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕು. ಆಚೆಗೆ ಮಹಾರಾಷ್ಟ್ರದ ಗಡಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಸಂತೆಯಲ್ಲಿ ಉರ್ದು ಬೆರೆತ ಹಿಂದಿ, ಇದು ನಮ್ಮ ಕಡೆಯ ರೀತಿ. ಹಾಗಾಗಿ ಸಾಧನೆಯೆಂಬ ಒಂದೇ ಪದಾರ್ಥಕ್ಕೆ ನಮಗೆ ಮೂರು ಹೆಸರು. ಕನ್ನಡ ಶಾಲೆಯ ರೇಖಾಗಣಿತದಲ್ಲಿ 'ದತ್ತ, ಸಾಧನೀಯ, ಸಾಧನೆ' ಎಂದು ಕಲಿತೆವು. ಮರಾಠಿ ಶಾಲೆಯ ಗೆಳೆಯರು 'ಪಕ್ಷ, ಸಾಧ್ಯ, ಸಿದ್ಧತಾ' ಎನ್ನುತ್ತಿದ್ದರು. ಸಿದ್ಧತೆಯೆಂದರೆ ನಮ್ಮಲ್ಲಿ ಮದುವೆಯ ತಯಾರಿ. ಪ್ರಮೇಯಕ್ಕೇಕೆ ಇಷ್ಟೊಂದು ಸಿದ್ಧತೆಯೆಂದು ನಾವು ನಗುತ್ತಿದ್ದೆವು. ಇನ್ನು ನಿಜಾಮರ ಕಾಲದಲ್ಲಿ ಓದಿದ ಹಿರಿಯರ ಬಾಯಲ್ಲಿ ಅದು 'ಸುಬೂತ್'. ಆಗ ನಮ್ಮ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯ ಮೇಲಿನ ಗಣಿತವನ್ನೂ ಉರ್ದುವಿನಲ್ಲೇ ಕಲಿಸುತ್ತಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಭಾಷೆ ಬದಲಾಯಿತು, ಪುಸ್ತಕ ಬದಲಾಯಿತು. ಕೇಳುವ ಪ್ರಶ್ನೆ ಮಾತ್ರ ಬದಲಾಗಲಿಲ್ಲ.

ಹೆಸರು ಮೂರಿದ್ದರೂ ವಸ್ತುವಿನ ಪರಿಚಯ ನನಗಿರಲಿಲ್ಲವೆಂಬುದು ಕಾಲೇಜಿಗೆ ಹೋದ ಮೇಲೆ ತಿಳಿಯಿತು. ಕಾಲೇಜಿನ ಹೆಸರು ಇಲ್ಲಿ ಬೇಡ. ಮೊದಲ ವರ್ಷದ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಎರಡು ಬೆಸ ಸಂಖ್ಯೆಗಳ ಮೊತ್ತ ಸಮಸಂಖ್ಯೆಯೆಂದು ಸಾಧಿಸಿ. ಇಷ್ಟು ಸುಲಭದ ಪ್ರಶ್ನೆಯೇ ಎಂದು ನನಗೆ ನಗು ಬಂತು. 3ಕ್ಕೆ 5 ಕೂಡಿದರೆ 8, 7ಕ್ಕೆ 9 ಕೂಡಿದರೆ 16, 11ಕ್ಕೆ 21 ಕೂಡಿದರೆ 32 ಎಂದು ಬರೆದೆ. ಅಷ್ಟಕ್ಕೇ ಬಿಡದೆ ಬೀಜಗಣಿತವನ್ನೂ ಸೇರಿಸಿದೆ. ಬೆಸ ಸಂಖ್ಯೆಯೆಂದರೆ ಎರಡು 'ಕ'ಗೆ ಒಂದು ಕೂಡಿಸಿದ್ದು, ಅದಕ್ಕೆ ಇನ್ನೊಂದು ಎರಡು 'ಕ' ಮತ್ತು ಒಂದನ್ನು ಕೂಡಿಸಿದರೆ ನಾಲ್ಕು 'ಕ' ಮತ್ತು ಎರಡು, ಅದು ಸಮಸಂಖ್ಯೆ, ಸಾಧಿತವಾಯಿತು. ಕೆಳಗೆ ಎರಡು ಗೆರೆಯನ್ನೂ ಎಳೆದೆ. ಉತ್ತರಪತ್ರಿಕೆ ಮರಳಿ ಬಂದಾಗ ಆ ಪ್ರಶ್ನೆಗೆ ಸೊನ್ನೆ. ಮೂರು ಉದಾಹರಣೆಗಳ ಮೇಲೆ ಒಂದು ಅಡ್ಡಗೆರೆ. ಎರಡನೆಯ 'ಕ' ಸುತ್ತ ಒಂದು ಕೆಂಪು ಸುತ್ತು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಬೇರೆ ಮಾತಿಲ್ಲ. ಮಿಕ್ಕ ಪ್ರಶ್ನೆಗಳ ಪಾಡೂ ಹೆಚ್ಚುಕಡಿಮೆ ಇದೇ.

ಸೋತ ಅಂಕಕ್ಕಿಂತ ಆ ಪ್ರಶ್ನಾರ್ಥಕ ಚಿಹ್ನೆ ನನ್ನನ್ನು ಹೆಚ್ಚು ಕುಗ್ಗಿಸಿತು. ನಾನು ಬರೆದದ್ದರಲ್ಲಿ ಸುಳ್ಳು ಯಾವುದು? ಮೊತ್ತ ಸಮಸಂಖ್ಯೆಯಲ್ಲವೆ? ಗಟ್ಟಿಯಾಗಿ ಕೇಳಲು ಧೈರ್ಯವಿರಲಿಲ್ಲ. ಕೇಳಬೇಕಾದರೆ ಇಂಗ್ಲಿಷಿನಲ್ಲಿ ಕೇಳಬೇಕಾಗಿತ್ತು. ದೀಪಾವಳಿ ರಜೆಗೆ ಊರಿಗೆ ಹೋದವನು ಮರಳಿ ಹೋಗಬಾರದೆಂದೇ ನಿಶ್ಚಯಿಸಿದ್ದೆ. ತೊಗರಿಯ ಹೊಲವಿದೆ, ಎರಡು ಎತ್ತುಗಳಿವೆ. ಬದುಕಿಗೆ ಇನ್ನೇನು ಬೇಕು?

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದರು. ಉರ್ದು ಶಾಲೆಯಲ್ಲಿ ಓದಿ, ಲೆಕ್ಕ ಬಲ್ಲವರೆಂದು ಹೆಸರಾದವರು. ಹೊಲದ ಅಳತೆಯ ಜಗಳ ಬಂದರೆ ಅವರ ಕಟ್ಟೆಗೇ ಬರುತ್ತಿತ್ತು. ಉತ್ತರಪತ್ರಿಕೆಯನ್ನು ಅವರ ಮುಂದಿಟ್ಟೆ. ಇಂಗ್ಲಿಷ್ ಅವರಿಗೆ ಬಾರದು. ಅಂಕಿ ಅಕ್ಷರ ಸಾಕಾಗಿತ್ತು.

"ಇವು ಮೂರೂ ಮಿಸಾಲ್ ಅವ. ಇದರಾಗ ಸುಬೂತ್ ಎಲ್ಲದ?"

"ಖರೇ ಅದ ಅಲ್ರೀ ಕಾಕಾ?"

"ಖರೇ ಅದಪ. ಯಾಕ ಖರೇ ಅದ, ಅದನ್ನ ಹೇಳು."

ನಾನು ಸುಮ್ಮನಾದೆ. ಅವರು ಎದುರಿಗೆ ಕಟ್ಟಿದ್ದ ಎತ್ತುಗಳ ಕಡೆ ಕೈ ತೋರಿಸಿದರು. ಒಂದು ಮನೆಯಲ್ಲಿ ಬೆಸ ಎತ್ತುಗಳಿವೆಯೆಂದರೇನು? ಜೋಡಿ ಜೋಡಿಯಾಗಿ ನೊಗಕ್ಕೆ ಕಟ್ಟುತ್ತ ಹೋದರೆ ಕೊನೆಗೆ ಒಂಟಿ ಎತ್ತೊಂದು ಉಳಿಯುತ್ತದೆಯೆಂದರ್ಥ. ನೆರೆಮನೆಯಲ್ಲೂ ಬೆಸ ಎತ್ತುಗಳಿದ್ದರೆ ಅಲ್ಲೂ ಒಂಟಿಯೊಂದು ಉಳಿಯುತ್ತದೆ. ಎರಡು ಮನೆಯವರೂ ಕೂಡಿ ಉಳುವಾಗ ಆ ಒಂಟಿ ಈ ಒಂಟಿ ಸೇರಿ ಒಂದು ಜೋಡಿ. ಯಾವ ಎತ್ತೂ ಉಳಿಯಲಿಲ್ಲ. ಆದ್ದರಿಂದ ಮೊತ್ತ ಸಮ. ಇಷ್ಟು ಹೇಳಿ ಅವರು ಆ ಕೆಂಪು ಸುತ್ತಿನ ಮೇಲೆ ಬೆರಳಿಟ್ಟರು.

"ಎರಡೂ ಮನ್ಯಾಗ ಎತ್ತು ಅಷ್ಟಕ್ಕಷ್ಟೇ ಇರಬೇಕಂತ ನಿನಗ ಯಾರು ಹೇಳಿದ್ರು?"

ನಾನು ಮಾಡಿದ ತಪ್ಪು ಅದೇ. ಎರಡು ಸಂಖ್ಯೆಗಳಿಗೂ ಒಂದೇ 'ಕ' ಬಳಸಿ, ನನಗೆ ಗೊತ್ತಿಲ್ಲದೆ, ಎರಡೂ ಒಂದೇ ಸಂಖ್ಯೆಯೆಂದು ಹೇಳಿಬಿಟ್ಟಿದ್ದೆ. 7ಕ್ಕೆ 7 ಕೂಡಿದರೆ ಸಮ ಬರುತ್ತದೆಂದು ಸಾಧಿಸಿದ್ದೆನೇ ಹೊರತು 7ಕ್ಕೆ 9 ಕೂಡಿದ್ದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಒಂದಕ್ಕೆ 'ಕ', ಇನ್ನೊಂದಕ್ಕೆ 'ಗ' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಅಕ್ಷರವೊಂದರ ವ್ಯತ್ಯಾಸ. ಅದಕ್ಕೆ ಪೂರ್ತಿ ಸೊನ್ನೆಯೇ ಎಂದು ನೀವು ಮರುಗಬಹುದು. ಇಂದು ನಾನೂ ಉತ್ತರಪತ್ರಿಕೆ ತಿದ್ದುವವನು. ಪೂರ್ತಿ ಸೊನ್ನೆ ಕೊಡುವುದಿಲ್ಲ, ಆದರೆ ಕೆಂಪು ಸುತ್ತನ್ನು ಬಿಡುವುದೂ ಇಲ್ಲ. ಪಕ್ಕದಲ್ಲಿ ಒಂದು ಸಾಲು ಮಾತು ಬರೆಯುತ್ತೇನೆ. ಆ ಒಂದು ಸಾಲು ಇಲ್ಲದ್ದರಿಂದ ಒಬ್ಬ ಹುಡುಗ ಓದು ಬಿಡುವುದರಲ್ಲಿದ್ದ.

ಉದಾಹರಣೆಗಳ ಮೇಲಿನ ಅಡ್ಡಗೆರೆಯ ಅರ್ಥ ತಿಳಿಯಲು ಇನ್ನೂ ಕೆಲವು ತಿಂಗಳು ಬೇಕಾದವು. ಮೂರು ಸಾಲದಿದ್ದರೆ ಮೂವತ್ತು ಕೊಟ್ಟರಾಗದೆ? ನೀವೇ ಒಂದು ಪ್ರಯೋಗ ಮಾಡಿ ನೋಡಿ. ಯಾವುದಾದರೊಂದು ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ, 41 ಕೂಡಿಸಿ. 1ರಿಂದ ಹೊರಟರೆ 43, 2ರಿಂದ 47, 3ರಿಂದ 53, 4ರಿಂದ 61. ಎಲ್ಲವೂ ಅವಿಭಾಜ್ಯ ಸಂಖ್ಯೆಗಳೇ. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದವು. ಹದಿನೆಂಟನೆಯ ಶತಮಾನದ ಸ್ವಿಸ್ ಗಣಿತಜ್ಞ ಆಯ್ಲರ್ ಗಮನಿಸಿದ ಸೋಜಿಗವಿದು. 5, 6, 7 ಎಂದು ಮುಂದುವರಿಯಿರಿ. 39ರವರೆಗೂ ಒಂದೂ ತಪ್ಪುವುದಿಲ್ಲ. ಮೂವತ್ತೊಂಬತ್ತು ಸಾಕ್ಷಿಗಳು! ಯಾವ ನ್ಯಾಯಾಲಯವೂ ಒಪ್ಪಬೇಕು. ಆದರೆ 40 ಬಂದಾಗ? 40 ಸಲ 41, ಅದರ ಮೇಲೆ ಇನ್ನೊಂದು 41. ಎಂದರೆ 41 ಸಲ 41, ಒಟ್ಟು 1681. ಅದು 41ರಿಂದ ಸಲೀಸಾಗಿ ಭಾಗವಾಗುತ್ತದೆ. ಕೋರ್ಟಿನಲ್ಲಿ ಸಾಕ್ಷಿ ಹೆಚ್ಚಿದಷ್ಟೂ ಬಲ. ಗಣಿತದಲ್ಲಿ ಲಕ್ಷ ಸಾಕ್ಷಿಗಳಿಗೂ ಒಂದು ಕಾರಣದ ತೂಕವಿಲ್ಲ.

ಸಾಕ್ಷಿ ಬೇಡ, ದೊಡ್ಡವರ ಮಾತು ಸಾಕಲ್ಲವೆ ಎಂದರೆ ಅದಕ್ಕೂ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಕಾಲ ಸುಮಾರು ಕ್ರಿ.ಶ. 850. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ನಾನು ಎಂ.ಎಸ್‌ಸಿ. ಓದುವಾಗ ಈ ಗ್ರಂಥದ ಎರಡು ಮಾತುಗಳು ಕಣ್ಣಿಗೆ ಬಿದ್ದವು. ಸಾಧನೆಯೆಂದರೇನೆಂದು ನನಗೆ ಪೂರ್ತಿಯಾಗಿ ತಿಳಿದದ್ದು ಅವೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ.

ಒಂದು ಮಾತು ಋಣಸಂಖ್ಯೆಯನ್ನು ಕುರಿತದ್ದು. ಧನದ ವರ್ಗವೂ ಧನ, ಋಣದ ವರ್ಗವೂ ಧನ. ಋಣಸಂಖ್ಯೆ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ. ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬುದು ಅದರ ಭಾವ. ಆ 'ಆದ್ದರಿಂದ' ಎಂಬುದನ್ನು ಗಮನಿಸಿ. ಇದು ಆಜ್ಞೆಯಲ್ಲ, ಕಾರಣ. ಇಂದಿನ ಹುಡುಗ ಇದನ್ನೇ ಬರೆದರೂ ನಾನು ಪೂರ್ಣಾಂಕ ಕೊಡುತ್ತೇನೆ. ಮುಂದಿನ ಶತಮಾನಗಳಲ್ಲಿ ಹೊಸ ಬಗೆಯ ಸಂಖ್ಯೆಗಳನ್ನು ಕಲ್ಪಿಸಿ ಋಣಕ್ಕೂ ಮೂಲ ಕೊಟ್ಟರೆಂಬುದು ನಿಜ. ಆದರೆ ಆಚಾರ್ಯ ಬಲ್ಲ ಸಂಖ್ಯೆಗಳ ಮಟ್ಟಿಗೆ ಅವನ ತರ್ಕಕ್ಕೆ ಇಂದಿಗೂ ಭಂಗವಿಲ್ಲ.

ಇನ್ನೊಂದು ಮಾತು ಸೊನ್ನೆಯನ್ನು ಕುರಿತದ್ದು. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುತ್ತದೆ ಎನ್ನುತ್ತಾನೆ ಆಚಾರ್ಯ. ಕೇಳಲು ಹಿತವಾಗಿದೆ: ಐದು ರೊಟ್ಟಿಯನ್ನು ಯಾರಿಗೂ ಹಂಚದಿದ್ದರೆ ಐದೂ ಬುಟ್ಟಿಯಲ್ಲೇ ಉಳಿದಾವಲ್ಲವೆ? ಆದರೆ ಕಾಕಾ ಕೇಳಿದ ಹಾಗೆ ಯಾಕೆಂದು ಕೇಳಿ ನೋಡಿ. ಭಾಗಾಕಾರ ಸರಿಯಿದೆಯೆ ಎಂದು ನಾವು ತಾಳೆ ನೋಡುವುದು ಗುಣಾಕಾರದಿಂದ. 5ನ್ನು ಸೊನ್ನೆಯಿಂದ ಭಾಗಿಸಿದಾಗ 5 ಬರುವುದಾದರೆ, ಆ 5ನ್ನು ಸೊನ್ನೆಯಿಂದ ಗುಣಿಸಿದಾಗ ಮೊದಲಿನ 5 ಮರಳಿ ಬರಬೇಕು. ಆದರೆ ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೆಂದು ಆಚಾರ್ಯನೇ ಹೇಳಿಯಾಗಿದೆ. ಹಾಗಾದರೆ 5 ಎಂದರೂ ಸೊನ್ನೆಯೆಂದರೂ ಒಂದೇ ಆಯಿತು! ಅವನ ಒಂದು ಮಾತೇ ಇನ್ನೊಂದನ್ನು ಬೀಳಿಸುತ್ತದೆ. ಸೊನ್ನೆಯಿಂದ ಗುಣಿಸಿ 5 ಬರಿಸುವ ಸಂಖ್ಯೆ ಯಾವುದೂ ಇಲ್ಲದ ಕಾರಣ, ಆ ಭಾಗಾಕಾರಕ್ಕೆ ಉತ್ತರವೇ ಇಲ್ಲವೆಂದು ಇಂದಿನ ಗಣಿತ ಹೇಳುತ್ತದೆ. ಮಹಾವೀರನ ದೊಡ್ಡತನಕ್ಕೆ ಇದರಿಂದ ಕುಂದೇನೂ ಬರುವುದಿಲ್ಲ. ಒಂದೇ ಲೇಖನಿಯಿಂದ ಬಂದ ಎರಡು ಮಾತುಗಳಲ್ಲಿ ಕಾರಣ ಕೊಟ್ಟದ್ದು ನಿಂತಿತು, ಕಾರಣವಿಲ್ಲದ್ದು ನಿಲ್ಲಲಿಲ್ಲ.

ನಮ್ಮ ಹಿರಿಯರಿಗೆ ಸಂಶಯಗಾರನ ಪರಿಚಯವಿರಲಿಲ್ಲವೆಂದು ಮಾತ್ರ ತಿಳಿಯಬೇಡಿ. ಭಾಲ್ಕಿಯ ಪಕ್ಕದ ತಾಲ್ಲೂಕು ಬಸವಕಲ್ಯಾಣ. ಅಲ್ಲಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ'ವನ್ನು ಬರೆದ. ಅದು ಧರ್ಮಶಾಸ್ತ್ರದ ವ್ಯಾಖ್ಯಾನ. ಗಣಿತಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಬರೆಯುವ ಕ್ರಮ ನೋಡಿ: ಎದುರಾಳಿಯ ವಾದವನ್ನು ಮೊದಲು ತಾನೇ ಎತ್ತುವುದು, ಅದಕ್ಕೆ ಉತ್ತರ ಹೇಳುವುದು, ಆಮೇಲೆ ಸಿದ್ಧಾಂತಕ್ಕೆ ಬರುವುದು. ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲ. ಗಣಿತದ ವಿದ್ಯಾರ್ಥಿಯೂ ತನ್ನ ಹಾಳೆಯ ಪಕ್ಕದಲ್ಲಿ ಇಂಥ ಎದುರಾಳಿಯೊಬ್ಬನನ್ನು ಕೂರಿಸಿಕೊಳ್ಳಬೇಕು.

ಆದರೂ ಹಾಳೆ ಬರಿದಾಗಿಯೇ ಉಳಿಯುತ್ತದಲ್ಲ, ಅದಕ್ಕೇನು ಮಾಡೋಣ? ಇಲ್ಲಿ ಒಂದು ಗುಟ್ಟಿದೆ. ಅಚ್ಚಾದ ಪುಸ್ತಕದಲ್ಲಿ ಸಾಧನೆ ಮೊದಲಿನಿಂದ ಕೊನೆಗೆ ನೀಟಾಗಿ ಹರಿಯುತ್ತದೆ. ಹುಡುಗ ಅದನ್ನು ಓದಿ, ತಾನೂ ಮೊದಲ ಸಾಲಿನಿಂದಲೇ ಹಾಗೆ ಹೊರಡಬೇಕೆಂದು ಭಾವಿಸುತ್ತಾನೆ. ಹೊಳೆಯದೆ ಕುಳಿತುಬಿಡುತ್ತಾನೆ. ನಿಜಕ್ಕೂ ಯಾರೂ ಹಾಗೆ ಹೊರಡುವುದಿಲ್ಲ. ನೀವು ಹೊಸದಾಗಿ ಭಾಲ್ಕಿಯಿಂದ ನಮ್ಮೂರಿಗೆ ಬರುವಾಗ ಅವರಿವರನ್ನು ಕೇಳುತ್ತೀರಿ, ದಾರಿ ತಪ್ಪುತ್ತೀರಿ, ಹಿಂದಿರುಗುತ್ತೀರಿ. ಆಮೇಲೆ ಇನ್ನೊಬ್ಬರಿಗೆ ದಾರಿ ಹೇಳುವಾಗ ತಪ್ಪಿದ ದಾರಿಯನ್ನೆಲ್ಲ ಹೇಳುತ್ತೀರಾ? ಹುಡುಕುವ ಕ್ರಮ ಬೇರೆ, ಹೇಳುವ ಕ್ರಮ ಬೇರೆ. ಕಚ್ಚಾ ಹಾಳೆಯಲ್ಲಿ ಗುರಿಯಿಂದ ಹಿಂದಕ್ಕೂ ನಡೆಯಬಹುದು. ನೀಟು ಹಾಳೆಯಲ್ಲಿ ಕೊಟ್ಟದ್ದರಿಂದ ಗುರಿಯತ್ತಲೇ ನಡೆಯಬೇಕು.

ಒಂದು ನಿದರ್ಶನ. ಎರಡು ಸಂಖ್ಯೆಗಳ ವರ್ಗಗಳ ಮೊತ್ತ, ಅವುಗಳ ಗುಣಲಬ್ಧದ ಎರಡರಷ್ಟಕ್ಕಿಂತ ಎಂದೂ ಕಡಿಮೆಯಾಗದು. 3 ಮತ್ತು 5 ಆದರೆ 34 ಒಂದು ಕಡೆ, 30 ಇನ್ನೊಂದು ಕಡೆ. ಕಚ್ಚಾ ಹಾಳೆಯಲ್ಲಿ ಹುಡುಗ ಗುರಿಯಿಂದಲೇ ಹೊರಟು, ಬಲಗಡೆಯದನ್ನು ಎಡಕ್ಕೆ ತಂದು, ಆ ಎರಡು ಸಂಖ್ಯೆಗಳ ವ್ಯತ್ಯಾಸದ ವರ್ಗ ಋಣವಲ್ಲ ಎಂಬಲ್ಲಿಗೆ ಬಂದು ಮುಟ್ಟುತ್ತಾನೆ. ಅದು ನಿಜ, ಮಹಾವೀರನೇ ಹೇಳಿದ್ದು. "ನಿಜಕ್ಕೆ ಬಂದು ಮುಟ್ಟಿದೆ, ಆದ್ದರಿಂದ ಹೊರಟದ್ದೂ ನಿಜ" ಎಂದು ಅಲ್ಲಿಗೇ ನಿಲ್ಲಿಸಿದರೆ ಮಾತ್ರ ಕೆಟ್ಟ. ಸುಳ್ಳಿನಿಂದ ಹೊರಟೂ ನಿಜವನ್ನು ಮುಟ್ಟಬಹುದು. ಧನ ಒಂದೂ ಋಣ ಒಂದೂ ಸಮವೆಂಬ ಶುದ್ಧ ಸುಳ್ಳಿನಿಂದ ಹೊರಟು ಎರಡೂ ಕಡೆ ವರ್ಗ ಮಾಡಿ. ಒಂದಕ್ಕೆ ಒಂದು ಸಮವೆಂಬ ನಿಜ ಬರುತ್ತದೆ. ಅದಕ್ಕೇ ನೀಟು ಹಾಳೆಯಲ್ಲಿ ದಾರಿಯನ್ನು ತಿರುಗಿಸಬೇಕು: ವ್ಯತ್ಯಾಸದ ವರ್ಗ ಋಣವಲ್ಲವೆಂಬುದರಿಂದ ಹೊರಟು, ಒಂದೊಂದು ಹೆಜ್ಜೆಗೂ ಕಾರಣ ಹೇಳಿ, ಗುರಿಯಲ್ಲಿ ನಿಲ್ಲಬೇಕು. ನಿಮ್ಮ ಮಗ ಹಾಳೆಯ ಮುಂದೆ ಸುಮ್ಮನೆ ಕುಳಿತಿದ್ದರೆ, ಒಂದು ಹಳೆಯ ಪಂಚಾಂಗದ ಬೆನ್ನನ್ನೋ ಬಿಲ್ಲಿನ ಹಿಂಬದಿಯನ್ನೋ ಕೊಟ್ಟು, "ಇದರ ಮೇಲೆ ಏನಾದರೂ ಗೀಚು" ಎನ್ನಿ. ಬಿಳಿ ಹಾಳೆ ಹೆದರಿಸುತ್ತದೆ. ಗೀಚುವ ಕಾಗದಕ್ಕೆ ಆ ದರ್ಪವಿಲ್ಲ.

ಬಾಯಿಪಾಠದ ಮಾತೂ ಬರುತ್ತದೆ. ಗೈಡುಗಳಿವೆ, ನೋಟ್ಸುಗಳಿವೆ. ಪ್ರಮೇಯವನ್ನು ಮಂತ್ರದಂತೆ ಒಪ್ಪಿಸಿ ಪಾಸಾಗುವವರೂ ಇದ್ದಾರೆ. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು ಎರಡು ಸಾವಿರ ವರ್ಷಗಳಿಗೂ ಹಿಂದೆ ಯೂಕ್ಲಿಡ್ ಸಾಧಿಸಿದ. ನಿಮ್ಮಲ್ಲಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದು ಕೂಡಿಸಿ. ಬಂದದ್ದನ್ನು ಭಾಗಿಸುವ ಅವಿಭಾಜ್ಯ ನಿಮ್ಮ ಪಟ್ಟಿಯಲ್ಲಿರಲಾರದು, ಏಕೆಂದರೆ ಪಟ್ಟಿಯ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಇದನ್ನು ಉರು ಹೊಡೆದವನು "ಬಂದದ್ದೇ ಅವಿಭಾಜ್ಯ" ಎಂದು ಬರೆದುಬಿಡುತ್ತಾನೆ. 2, 3, 5, 7, 11, 13 ಇವನ್ನು ಗುಣಿಸಿ ಒಂದು ಕೂಡಿಸಿದರೆ 30031. ಅದು 59 ಸಲ 509. ಅವಿಭಾಜ್ಯವಲ್ಲ, ಆದರೆ 59ಕ್ಕಾಗಲಿ 509ಕ್ಕಾಗಲಿ ನಿಮ್ಮ ಪಟ್ಟಿಯಲ್ಲಿ ಜಾಗವಿರಲಿಲ್ಲ. ಯೂಕ್ಲಿಡ್ ಹೇಳಿದ್ದೂ ಅಷ್ಟೇ. ಕಂಠಪಾಠದಲ್ಲಿ ಜಾರಿಹೋದದ್ದು ಒಂದೇ ಒಂದು ಮಾತು. ಜೊತೆಗೆ ಸತ್ಯವೂ ಜಾರಿತು.

ನನಗೆ ಗುರುಗಳೊಬ್ಬರು ಹೇಳಿಕೊಟ್ಟ ಉಪಾಯ ಬಹಳ ಸರಳವಾದದ್ದು: ಬರೆದದ್ದನ್ನು ಗಟ್ಟಿಯಾಗಿ ಓದು. ಚಿಹ್ನೆಗಳನ್ನೂ ಮಾತಾಗಿಸಿ ಓದು. ವಾಕ್ಯವಾಗಿ ಕೇಳಿಸದಿದ್ದರೆ ಅದು ಸಾಧನೆಯಲ್ಲ. ಮೊದಮೊದಲು ನನ್ನ ಹಾಳೆಯನ್ನು ಓದಿದಾಗ ಕೇಳಿಸುತ್ತಿದ್ದುದು ಬರಿಯ ಅಕ್ಷರ, ಸಮಚಿಹ್ನೆ, ಮತ್ತೆ ಅಕ್ಷರ. 'ಇರಲಿ', 'ಆಗಿದ್ದರೆ', 'ಆದ್ದರಿಂದ', 'ಆದರೆ' ಒಂದೂ ಇಲ್ಲ. ಗೋಡೆಯಲ್ಲಿ ಇಟ್ಟಿಗೆಯಿದೆ, ಗಾರೆಯಿಲ್ಲ. ಅಂದಿನಿಂದ ನಾನು ಮೊದಲು ನಮ್ಮೂರ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದೆ, 'ಯಾಕಂದ್ರ' ಎಂದು. ತರುವಾಯ ಪರೀಕ್ಷೆಯ ಇಂಗ್ಲಿಷಿಗೆ ತರುತ್ತಿದ್ದೆ. ಕನ್ನಡದಲ್ಲಿ ಗಣಿತ ಬರೆಯುವುದೇನು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದಿದ್ದ. ಅವನು ಸೂತ್ರಗಳನ್ನು ಕೊಟ್ಟ. 'ಯಾಕಂದ್ರ' ಎಂಬುದನ್ನು ನಾವು ಸೇರಿಸಿಕೊಳ್ಳಬೇಕು.

1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಬಂತು. 2023ರಲ್ಲಿ ಬೀದರಿಗೇ ಒಂದು ವಿಶ್ವವಿದ್ಯಾಲಯವಾಯಿತು. ದಾರಿ ಹತ್ತಿರವಾಗಿದೆ. ಗಡಿಯ ಹಳ್ಳಿಗಳಿಂದ ಹೆಣ್ಣುಮಕ್ಕಳೂ ಗಣಿತಕ್ಕೆ ಬರುತ್ತಿದ್ದಾರೆ. ಮರಾಠಿ ಶಾಲೆಯಿಂದ ಬಂದ ಒಬ್ಬ ಹುಡುಗಿ ಕಚ್ಚಾ ಹಾಳೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಬರೆದು, ಯಾರಿಗೂ ಕಾಣದಂತೆ ಕೈ ಅಡ್ಡ ಹಿಡಿದಿದ್ದಳು. ಕೈ ತೆಗೆಸಿ ನೋಡಿದೆ. ತರ್ಕದಲ್ಲಿ ಒಂದು ಬಿರುಕಿರಲಿಲ್ಲ. ನೀಟು ಹಾಳೆಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೋಗಿ ಎರಡು 'ಏಕೆಂದರೆ'ಗಳನ್ನು ಬಿಟ್ಟಿದ್ದಳು. ಅವೆರಡನ್ನು ಮರಳಿ ಹಾಕಿಸುವುದಷ್ಟೇ ನನ್ನ ಕೆಲಸವಾಯಿತು.

ಕಾಕಾ ಈಗಿಲ್ಲ. ದಸರೆ ಬಂದಾಗ ಅವರು ಓಣಿಯ ಮಕ್ಕಳಿಗೆ ಬನ್ನಿ ಕೊಡುತ್ತ ಒಂದಲ್ಲ ಒಂದು ಸವಾಲು ಹಾಕುತ್ತಿದ್ದರು. ಅದೇ ಧಾಟಿಯಲ್ಲಿ ಒಂದನ್ನು ನಿಮ್ಮ ಮನೆಗೂ ಕೊಟ್ಟು ಮುಗಿಸುತ್ತೇನೆ. ದಸರೆಯ ಸಂಜೆ ಓಣಿಯವರೆಲ್ಲ ಒಬ್ಬರಿಗೊಬ್ಬರು ಬನ್ನಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಕೆಲವರು ಹಲವರೊಡನೆ, ಕೆಲವರು ಇಬ್ಬರೊಡನೆ, ಮುನಿಸಿಕೊಂಡವರು ಯಾರೊಡನೆಯೂ ಇಲ್ಲ. ರಾತ್ರಿ ಪ್ರತಿಯೊಬ್ಬರನ್ನೂ, ಎಷ್ಟು ಜನರೊಡನೆ ಬನ್ನಿ ಬದಲಾಯಿಸಿದಿರಿ ಎಂದು ಕೇಳಿ ಬರೆದುಕೊಳ್ಳಿ. ಬೆಸ ಸಂಖ್ಯೆ ಹೇಳಿದವರನ್ನೆಲ್ಲ ಒಂದು ಕಡೆ ನಿಲ್ಲಿಸಿ ಎಣಿಸಿ. ಅವರ ಸಂಖ್ಯೆ ಯಾವಾಗಲೂ ಸಮವಾಗಿಯೇ ಇರುತ್ತದೆ. ಓಣಿ ಯಾವುದಾದರೂ ಸರಿ, ಮುನಿಸು ಎಷ್ಟಿದ್ದರೂ ಸರಿ. ಮಕ್ಕಳು ಹತ್ತು ಉದಾಹರಣೆ ಕೊಟ್ಟು ಓಡಲು ನೋಡಿಯಾರು. ಬಿಡಬೇಡಿ, ಯಾಕೆಂದು ಕೇಳಿ. ತೀರ ಬಿಗಿಯಾದರೆ, ಒಂದು ಬನ್ನಿ ಬದಲಾದಾಗ ಅದು ಎಷ್ಟು ಜನರ ಲೆಕ್ಕದಲ್ಲಿ ಸೇರುತ್ತದೆಯೆಂಬುದನ್ನಷ್ಟು ನೆನಪಿಸಿ.